ನಾಡಿಯಿಲ್ಲದ ಪೈಪು

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ ಎಂಬುದನ್ನು ನಾನು ಕಲಿತದ್ದು ಮದುವೆಯಾದ ಹದಿನೈದನೆಯ ದಿನ. ಬೇರೆ ಗಂಡಂದಿರು ಹೊಸ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ. ನನ್ನ ಗಂಡ ಓಬಳರಾಜು ಪಾವಗಡದ ಬಸ್ ಸ್ಟ್ಯಾಂಡಿನ ಹಿಂದಿದ್ದ ತಮ್ಮ ಪಂಪ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿ, ಬಿಚ್ಚಿ ಹರಡಿದ್ದ ಕಬ್ಬಿಣದ ಮುಂದೆ ಸ್ಟೂಲ್ ಹಾಕಿ ಕೂರಿಸಿದರು. ಮಧುಗಿರಿಯಲ್ಲಿ ಪಿಯುಸಿ ಮುಗಿಸಿ ಬಂದಿದ್ದ ನನಗೆ ಇದೆಂಥ ಗಂಡಪ್ಪಾ ಅನ್ನಿಸಿತ್ತು.

“ಸೈಕಲ್ಲಿಗೆ ಗಾಳಿ ಹೊಡೀವಾಗ ಪಂಪಿನ ತಳ ಕಾಯ್ತದೋ ಇಲ್ವೋ?” ಎಂದು ಕೇಳಿದರು. ಕಾಯುತ್ತದೆ ಎಂದೆ. “ಅಷ್ಟೇ ಕಣೇ ವನಜಾ. ಡೀಸೆಲ್ ಎಂಜಿನ್ನೂ ಅಂಗೇ. ಗಾಳೀನ ಹಿಂಡಿ ಹಿಂಡಿ ಇಷ್ಟೇ ಜಾಗಕ್ಕೆ ತುರುಕಿದ್ರೆ ಬೆಂಕಿಯಂಗೆ ಕಾದ್ಬುಡ್ತದೆ. ಅದರ ಮೇಲೆ ಡೀಸೆಲ್ಲು ಮಂಜಿನಂಗೆ ಬಿದ್ರೆ ತಾನಾಗೇ ಹತ್ಕೊಂತದೆ. ಪೆಟ್ರೋಲ್ ಎಂಜಿನ್ನಿನಂಗೆ ಕಿಡಿ ಹಾರಿಸಿ, ಬಾರಪ್ಪಾ ಬಾರಪ್ಪಾ ಅಂತ ಕರೆಯೋ ಕೆಲಸ ಇಲ್ಲ.”

ಆ ಮಂಜನ್ನು ಮಾಡಿಸುವುದೇ ಅವರ ಕಸುಬು. ಟ್ಯಾಂಕಿನಿಂದ ಬಂದ ಡೀಸೆಲ್ ಫಿಲ್ಟರಿನಲ್ಲಿ ಸೋಸಿಕೊಂಡು ಪಂಪಿಗೆ ಬರುತ್ತದೆ. ಪಂಪು ಅದನ್ನು ಒತ್ತಿ ಸಪೂರದ ಉಕ್ಕಿನ ಪೈಪಿನಲ್ಲಿ ನೂಕುತ್ತದೆ. ಪೈಪಿನ ತುದಿಯಲ್ಲಿ ನಾಜಲ್, ಅದರ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಹಳೆಯ ಪಂಪು ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವ ತಾಯಿಯ ಹಾಗೆ, ಪ್ರತಿ ಸಿಲಿಂಡರಿಗೂ ಅದರದರ ಸರದಿ ಬಂದಾಗ ಅಳತೆಯ ಒಂದೊಂದೇ ಗುಟುಕು ಕೊಡುತ್ತದೆ. ಹೆಚ್ಚಾದರೆ ಕಪ್ಪು ಹೊಗೆ, ಕಡಿಮೆಯಾದರೆ ಗಾಡಿ ದಿಬ್ಬ ಹತ್ತುವುದಿಲ್ಲ, ಹೊತ್ತು ತಪ್ಪಿದರೆ ಎಂಜಿನ್ ಕಟಕಟ ಹಲ್ಲು ಕಡಿಯುತ್ತದೆ.

ಗುಟುಕು ಹೋದಾಗಲೆಲ್ಲ ಪೈಪು ಒಮ್ಮೆ ಮಿಡಿಯುತ್ತದೆ. ನನಗೂ ನಿಮಗೂ ಅದು ಬರೀ ನಡುಕ. ನನ್ನ ಗಂಡ ಓಡುತ್ತಿರುವ ಎಂಜಿನ್ನಿನ ಪೈಪಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು, ನಾಟಿ ವೈದ್ಯರು ನಾಡಿ ಹಿಡಿಯುವ ಹಾಗೆ. “ಮೂರನೇದು ಸೋಂಬೇರಿ ಆಗೈತೆ” ಎನ್ನುವರು. ಬಿಚ್ಚಿ ನೋಡಿದರೆ ಮೂರನೆಯದೇ. ಶಿರಾದ ದೊಡ್ಡ ಅಂಗಡಿಯವರು ಮಿಷನ್ನಿಗೆ ಹಾಕಿ ಅರ್ಧ ದಿನ ನೋಡುವುದನ್ನು ಇವರು ಒಂದು ಟೀ ಕುಡಿಯುವಷ್ಟರಲ್ಲಿ ಹೇಳುತ್ತಿದ್ದರು. ಸೋರಿಕೆ ಹುಡುಕುವುದೂ ಹೀಗೆಯೇ. ಎಂಜಿನ್ ಓಡುತ್ತಿರುವಾಗ ಪೈಪಿನುದ್ದಕ್ಕೂ ಬೆರಳು ಸವರಿಕೊಂಡು ಹೋಗುವುದು, ತೇವ ತಗುಲಿದ ಕಡೆ ನಿಲ್ಲುವುದು. ಮಧುಗಿರಿ, ಕೊರಟಗೆರೆ, ಎಲ್ಲಿಗೆ ಬೇಕಾದರೂ ಹೋಗಿ ನೋಡಿ, ನಮ್ಮ ಕಡೆ ಡೀಸೆಲ್ ಕೆಲಸದವರು ಮಾಡುವುದು ಇದನ್ನೇ. ಆ ಬಲಗೈ ಇರುವವರೆಗೆ ನಮಗೆ ಅನ್ನವಿದೆ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಆ ಕೈಯನ್ನು ಹೇಗೆ ಕಳೆದುಕೊಂಡೆವು ಎಂಬುದನ್ನು ಹೇಳುತ್ತೇನೆ. ಹಣೆಬರಹ ಎಂದು ನೆಂಟರಿಷ್ಟರು ಸಮಾಧಾನ ಮಾಡಲು ಬರುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ.

ಕೆಲಸ ಮೊದಲೇ ಬತ್ತಿತ್ತು. ವಳ್ಳೂರು, ರಾಯಚರ್ಲು ಕಡೆಯ ನೆಲ ಸೋಲಾರ್ ಪಾರ್ಕಿನ ಬೇಲಿಯೊಳಗೆ ಹೋದ ಮೇಲೆ ಅಲ್ಲಿನ ಹಳೆಯ ಟ್ರ್ಯಾಕ್ಟರ್‌ಗಳು ಗುಜರಿಗೆ ಹೋದವು. ಹೊಸ ಗಾಡಿಗಳು ಬಂದವು, ಆದರೆ ಅವುಗಳ ಪಂಪು ಕಂಪ್ಯೂಟರಿನ ಮಾತು ಕೇಳುತ್ತದೆ, ಇವರ ಮಾತು ಕೇಳುವುದಿಲ್ಲ. ವಾರಕ್ಕೆ ಹತ್ತು ಪಂಪು ಬರುತ್ತಿದ್ದ ಅಂಗಡಿಗೆ ತಿಂಗಳಿಗೆ ಮೂರು ಬಂದರೆ ಹೆಚ್ಚು. ಉಳಿದ ಹೊತ್ತಿನಲ್ಲಿ ಇವರು ಕೂತು ಸ್ಪ್ಯಾನರ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುವುದನ್ನು ನೋಡಿ ನನಗೆ ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು. ಬೇರೆ ಏನಾದರೂ ಮಾಡಬಾರದೇ ಎಂದರೆ, “ನಲವತ್ತೆಂಟಕ್ಕೆ ಯಾವ ಇಸ್ಕೂಲಿಗೆ ಸೇರ್ಕಳ್ಳಲೇ?” ಎಂದು ನನ್ನನ್ನೇ ಕೇಳುತ್ತಿದ್ದರು.

ಕಳೆದ ಮಾರ್ಚಿನ ಒಂದು ಶುಕ್ರವಾರ ಬೆಳಗ್ಗೆ ಜುಂಜಪ್ಪ ಬಂದ. ರಾಯಚರ್ಲಿನವನು. ಮೊದಲು ಕುರಿ ಕಾಯುತ್ತಿದ್ದ, ಈಗ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಆ ಗಾಜುಗಳ ಮೇಲೆ ಧೂಳು ಕೂತರೆ ಕರೆಂಟು ಕಡಿಮೆ ಬರುತ್ತದಂತೆ. ಅದಕ್ಕೆ ನೀರಿನ ಟ್ಯಾಂಕರೂ ದೊಡ್ಡ ಬ್ರಶ್ಶೂ ಕಟ್ಟಿಕೊಂಡು ಸಾಲುಸಾಲಿನ ನಡುವೆ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಬಿಸಿಲಿನಿಂದ ಕರೆಂಟು ತೆಗೆಯುವುದಕ್ಕೂ ಡೀಸೆಲ್ ಸುಡಬೇಕು ನೋಡಿ.

“ಏಮಯ್ಯಿಂದೋ ಏಮೋ ಓಬಳಣ್ಣಾ, ಗಾಡಿ ಟ್ಯಾಂಕರ್ ಎಳೀತಾನೇ ಇಲ್ಲ. ಡೀಸೆಲ್ ವಾಸ್ನೆ ಬತ್ತದೆ, ನೋಡುದ್ರೆ ಎಲ್ಲೂ ತೊಟ್ಟಿಕ್ಕಲ್ಲ” ಎಂದ ಜುಂಜಪ್ಪ, ತೆಲುಗು ಬೆರೆಸಿ. “ಕಂಪ್ನಿ ಮೆಕ್ಯಾನಿಕ್ ಬರೋಕೆ ನಾಕ್ ದಿನ ಆಯ್ತದಂತೆ. ನಮ್ ಸೂಪರ್‌ವೈಸರ್ ಸುನಿಲ್‌ಕುಮಾರ್ ಸಾರ್ ಹೇಳವ್ರೆ, ಇವತ್ತು ಯಾರು ಸರಿ ಮಾಡ್ತಾರೋ ಅವ್ರಿಗೇ ಹದಿನಾಕು ಟ್ರ್ಯಾಕ್ಟರ್‌ದೂ ಕೆಲಸ ಅಂತ.”

ಇವರು ಸ್ಪ್ಯಾನರ್ ಕೆಳಗಿಟ್ಟರು. ಹದಿನಾಲ್ಕು ಟ್ರ್ಯಾಕ್ಟರ್ ಎಂದರೆ ವರ್ಷವಿಡೀ ಕೆಲಸ. ನಾನೂ ಅಂಗಡಿಯ ಬಾಗಿಲೆಳೆದು ಹೊರಟೆ. ಚಿಕ್ಕ ಅಕ್ಷರ ಇವರ ಕಣ್ಣಿಗೆ ಕಾಣುವುದಿಲ್ಲ, ಸಾಮಾನು ಎತ್ತಿಕೊಡುವುದು, ಟಾರ್ಚ್ ಹಿಡಿಯುವುದು ಮೊದಲಿನಿಂದಲೂ ನನ್ನ ಕೆಲಸ. ದಾರಿಯುದ್ದಕ್ಕೂ ಮೊಪೆಡ್ಡಿನ ಹಿಂದೆ ಕೂತಿದ್ದ ನನಗೆ ಇವರ ಬೆನ್ನು ನೆಟ್ಟಗಾಗಿದ್ದು ಕಾಣುತ್ತಿತ್ತು. ಅಷ್ಟು ನೆಟ್ಟಗೆ ಕೂತದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

ವಳ್ಳೂರಿನಾಚೆ ಬೇಲಿಯೊಳಗೆ ಟ್ರ್ಯಾಕ್ಟರ್ ನಿಂತಿತ್ತು. ಸುನಿಲ್‌ಕುಮಾರ್ ಮೂವತ್ತರ ಹುಡುಗ, ತಲೆಗೆ ಹಳದಿ ಹೆಲ್ಮೆಟ್ಟು. “ಇದು ಕಾಮನ್ ರೈಲ್ ಎಂಜಿನ್, ಓಬಳಣ್ಣ. ಹಿಂದೆ ಯಾವಾಗಾದ್ರೂ ಮಾಡಿದ್ದೀರಾ?” ಎಂದು ಕೇಳಿದ.

“ಮಾಡಿವ್ನಿ ಸಾರ್” ಎಂದರು ಇವರು. ಮಾಡಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಸಾಮಾನಿನ ಚೀಲ ಬಿಚ್ಚಿದೆ.

ಹಳೆಯ ಎಂಜಿನ್ನಿನಲ್ಲಿ ಪಂಪಿನಿಂದ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಪೈಪು, ಸರದಿ ಬಂದಾಗ ಮಾತ್ರ ಒತ್ತಡ. ಇದರಲ್ಲಿ ಹಾಗಲ್ಲ. ಪಂಪು ಒಂದೇ ಕೊಳವೆಗೆ ಡೀಸೆಲ್ ತುಂಬಿ, ಎಂಜಿನ್ ಓಡುವಷ್ಟು ಹೊತ್ತೂ ಅದನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ. ಆ ಕೊಳವೆಯಿಂದ ಕವಲೊಡೆದ ಪೈಪುಗಳ ತುದಿಯ ನಾಜಲ್‌ಗಳು ಕಂಪ್ಯೂಟರ್ ಹೇಳಿದಾಗ ಬಾಯಿ ತೆರೆಯುತ್ತವೆ, ಹೇಳಿದಾಗ ಮುಚ್ಚುತ್ತವೆ. ಒತ್ತಡವೂ ಹಳೆಯದರ ಹಲವು ಪಟ್ಟು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ, ತಿಳಿದು ಏನೂ ಪ್ರಯೋಜನವಿಲ್ಲದಾಗ.

ಕೊಳವೆಯ ಪಕ್ಕದಲ್ಲಿ ಒಂದು ಹಳದಿ ಸ್ಟಿಕರ್ ಇತ್ತು. ಒಂದು ಕೈಯ ಚಿತ್ರ, ಅದರ ಮೇಲೆ ಕೆಂಪು ಗೀಟು, ಕೆಳಗೆ ಸಾಸಿವೆ ಕಾಳಿನಷ್ಟು ಇಂಗ್ಲಿಷ್ ಅಕ್ಷರ. “ನೋಡಿದ್ಯಾ, ಕೊಳಕು ಕೈಯಾಗೆ ಮುಟ್ಬ್ಯಾಡಿ ಅಂತ ಹಾಕವ್ರೆ. ಇದ್ರೊಳಕ್ಕೆ ಒಂದು ಕಣ ಮಣ್ಣು ಹೋದ್ರೂ ನಾಜಲ್ ಸತ್ತೋಯ್ತದೆ” ಎಂದರು. ಡೀಸೆಲ್ ಕೆಲಸದವರ ಮಡಿ ಪೂಜಾರಿಗಳ ಮಡಿಗಿಂತ ಒಂದು ಕೈ ಮೇಲು. ಕೈ ತೊಳೆಯದೆ ಪಂಪಿನ ಒಳಭಾಗ ಮುಟ್ಟಲು ಬಂದವರನ್ನು ಇವರು ಅಂಗಡಿಯಿಂದ ಆಚೆ ಕಳಿಸುತ್ತಿದ್ದರು. ಹಾಗಾಗಿ ಆ ಚಿತ್ರ ಬೇರೇನನ್ನಾದರೂ ಹೇಳುತ್ತಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಟ್ಯಾಂಕರಿನ ನಲ್ಲಿ ತಿರುಗಿಸಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದರು. ಸೋಪು ಕೊಟ್ಟವಳು ನಾನು. ಟಾರ್ಚ್ ಕೂಡ ನನ್ನ ಕೈಯಲ್ಲೇ ಇತ್ತು. ಬಗ್ಗಿ ಆ ಅಕ್ಷರಗಳನ್ನು ಓದಬಹುದಿತ್ತು, ಓದಲಿಲ್ಲ.

ಜುಂಜಪ್ಪ ಎಂಜಿನ್ ಚಾಲೂ ಮಾಡಿದ. ಇವರು ಪೈಪಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ತೆರೆದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಸುನಿಲ್‌ಕುಮಾರನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದು, “ಇದಕ್ಕೆ ನಾಡೀನೇ ಇಲ್ಲ ಕಣೇ” ಎಂದರು.

ಸದಾ ಒಂದೇ ಬಿಗಿಯಲ್ಲಿರುವ ಪೈಪು ಯಾಕೆ ಮಿಡಿದೀತು? ಆದರೆ ಆ ಹೊತ್ತಿನಲ್ಲಿ ಅದು ಇವರಿಗೆ ಗೊತ್ತಿರಲಿಲ್ಲ. ಮದುವೆಗೂ ಮುಂಚಿನಿಂದ, ಇಪ್ಪತ್ತೈದು ವರ್ಷ ಬೆರಳಿನ ಜತೆ ಮಾತಾಡಿದ ಎಂಜಿನ್ನು ಇದ್ದಕ್ಕಿದ್ದಂತೆ ಮೂಕವಾದ ಹಾಗಾಗಿತ್ತು. ವಾಪಸು ಹೋಗೋಣ ಬನ್ನಿ ಎಂದು ನನ್ನ ಬಾಯಿಗೆ ಬಂತು. ಆ ನೆಟ್ಟಗಿನ ಬೆನ್ನು ನೆನಪಾಗಿ ನುಂಗಿಕೊಂಡೆ.

“ರೇಸ್ ಕೊಡೋ ಜುಂಜಪ್ಪ” ಎಂದರು. ಎಂಜಿನ್ ಗರ್ಜಿಸಿತು. ಇವರು ತೋರುಬೆರಳನ್ನು ಪೈಪಿನ ಬುಡದಿಂದ ಸವರಿಕೊಂಡು ಹೊರಟರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಒಂದು ಹನಿಯೂ ಇಲ್ಲ. ಬೆರಳು ಪೈಪಿನ ತುದಿಯ ನಟ್ಟಿನ ಹತ್ತಿರ ಹೋದದ್ದೇ ತಡ, ಸಟಕ್ಕನೆ ಕೈ ಹಿಂದಕ್ಕೆಳೆದುಕೊಂಡರು.

“ಏನಾಯ್ತ್ರೀ?”

“ಏನೋ ಚುಚ್ದಂಗಾಯ್ತು.” ಬೆರಳ ತುದಿಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ರಕ್ತವೂ ಬರಲಿಲ್ಲ. ಮರುಕ್ಷಣ ಇವರ ಮುಖ ಅರಳಿತು. “ಸಿಕ್ತು ಕಣೇ! ಇಲ್ಲೇ ಐತೆ ಲೀಕು. ಕಾಣಲ್ಲ, ಅಷ್ಟು ಸಣ್ಣಕೆ ಹೊಡೀತೈತೆ!” ಬಹುಮಾನ ಬಂದವರ ಹಾಗೆ ನಕ್ಕರು. ನಾನೂ ನಕ್ಕೆ. 

ಎಂಜಿನ್ ನಿಲ್ಲಿಸಿ, ಪೈಪು ಬಿಚ್ಚಿ, ತುದಿಯನ್ನು ಒರೆಸಿ, ಅದು ಕೂರುವ ಜಾಗದಲ್ಲಿದ್ದ ಮರಳಿನ ಕಣ ತೆಗೆದು ಮತ್ತೆ ಬಿಗಿದರು. ಜುಂಜಪ್ಪ ತುಂಬಿದ ಟ್ಯಾಂಕರ್ ಎಳೆದುಕೊಂಡು ಒಂದು ಸುತ್ತು ಹೊಡೆದು ಬಂದ. ಸುನಿಲ್‌ಕುಮಾರ್ ಇವರ ಬೆನ್ನು ತಟ್ಟಿದ. “ಸೋಮವಾರ ಆಫೀಸಿಗೆ ಹೇಳ್ತೀನಿ” ಎಂದ. ಅಷ್ಟರಲ್ಲಿ ಇವರು ರೂಢಿಯಂತೆ ಬೆರಳನ್ನು ಡೀಸೆಲ್ ಡಬ್ಬಿಯಲ್ಲಿ ಅದ್ದುತ್ತಿದ್ದರು. ಡೀಸೆಲ್ ಬಿದ್ದ ಗಾಯ ಕೀವಾಗುವುದಿಲ್ಲ ಎಂಬುದು ನಮ್ಮ ಅಂಗಡಿಗಳ ವೈದ್ಯ. ಬ್ಲೇಡು ಕೊಯ್ದರೂ ಅದೇ, ಕಬ್ಬಿಣ ತರಚಿದರೂ ಅದೇ.

ಸುನಿಲ್‌ಕುಮಾರ್ ಅದನ್ನು ಕಂಡು, “ಗಾಯ ಏನಾದ್ರೂ ಆಯ್ತಾ? ಆಗಿದ್ರೆ ಹೇಳಿಬಿಡಿ. ರಿಪೋರ್ಟ್ ಬರೀಬೇಕು, ಬರೆದ್ರೆ ಹೊರಗಿನವರನ್ನ ಒಳಗೆ ಬಿಟ್ಟಿದ್ದು ಯಾರು ಅಂತ ಕೇಳ್ತಾರೆ” ಎಂದ.

“ಏನೂ ಇಲ್ಲ ಸಾರ್, ಇರುವೆ ಕಚ್ದಂಗೆ ಅಷ್ಟೇ” ಎಂದರು ಇವರು.

ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದು, ನಾನು ಅಡುಗೆ ಮಾಡಿದ ಮೇಲೆ ಊಟಕ್ಕೆ ಕೂತೆವು. ಒಲೆಯಿಂದ ಆಗಷ್ಟೇ ಇಳಿಸಿದ ಮುದ್ದೆ, ಹೊಗೆಯಾಡುತ್ತಿತ್ತು. ಇವರು ಮುರಿದು, “ಮುದ್ದೆ ಬಿಸೀನೇ ಇಲ್ವಲ್ಲೇ” ಎಂದರು. ನಾನು ತಮಾಷೆ ಎಂದುಕೊಂಡೆ. “ಹದಿನಾಲ್ಕು ಟ್ರ್ಯಾಕ್ಟರ್ ಸಿಕ್ಕಿದ ಕೂಡಲೇ ಸಾಹುಕಾರರ ನಾಲಿಗೆ ಬಂತಾ?” ಎಂದು ಕಿಚಾಯಿಸಿದೆ. ಬೆರಳಿಗೆ ಬಿಸಿ ತಿಳಿಯುತ್ತಿಲ್ಲ ಎಂಬುದು ಆಗಲೂ ನನ್ನ ದಪ್ಪ ಬುದ್ಧಿಗೆ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಬೆರಳು ಬಿಳಿಚಿಕೊಂಡು ಬೆಂಡೆಕಾಯಿಯ ಹಾಗೆ ಸೆಟೆದಿತ್ತು. ಅಂಗೈ ಊದುತ್ತಿತ್ತು. ಒಳಗೇ ಯಾರೋ ಸುಡುತ್ತಿರುವ ಹಾಗಿದೆ ಎಂದರು. ನಾನು ಬಿಸಿನೀರಿಗೆ ಉಪ್ಪು ಹಾಕಿ ಕೈ ಅದ್ದಿಸಿದೆ, ಆಮೇಲೆ ವಿಷ ಇಳಿಯಲೆಂದು ಬೆರಳಿಂದ ಮಣಿಕಟ್ಟಿನವರೆಗೆ ಒತ್ತಿ ಒತ್ತಿ ನೀವಿದೆ. ನನ್ನ ಅವ್ವ ಹಾಗೆ ಮಾಡುತ್ತಿದ್ದಳು. ಇವರು ತುಟಿ ಕಚ್ಚಿಕೊಂಡು ಕೂತರು, ಒಮ್ಮೆಯೂ ಕೂಗಲಿಲ್ಲ.

ಐದು ಗಂಟೆಗೆ ಕ್ಲಿನಿಕ್ಕಿಗೆ ಹೊರಟೆವು. ಬಾಗಿಲಲ್ಲಿ ಇವರು ನನ್ನ ಸೆರಗು ಹಿಡಿದು ನಿಲ್ಲಿಸಿದರು. “ಪಾರ್ಕಿನ ಜನ ಎಲ್ಲ ಈ ಡಾಕ್ಟ್ರ ತಾವೇ ಬರೋದು. ಟ್ರ್ಯಾಕ್ಟರ್ ಪೈಪಿಂದ ಆಯ್ತು ಅಂದ್ರೆ ನಾಳೆ ಬೆಳಗ್ಗೆ ಸುನಿಲ್‌ಕುಮಾರನ ಕಿವಿಗೆ ಬೀಳ್ತದೆ. ತಂತಿ ಚುಚ್ತು ಅನ್ನು. ಡೀಸೆಲ್ಲಿಂದ ಇನ್ನೇನಾಯ್ತದೆ, ದಿನಾ ಅದ್ರಾಗೇ ಕೈ ತೊಳ್ಯೋನು ನಾನು.”

ಡಾಕ್ಟರು ಏನಾಯಿತೆಂದು ಕೇಳಿದರು. ಇವರು ಬಾಯಿ ತೆರೆಯುವ ಮೊದಲೇ ನಾನು, “ತಂತಿ ಚುಚ್ತು ಸಾರ್, ಮನೆ ಬೇಲಿಯದು” ಎಂದೆ. ಬೇಲಿಯದು ಎಂಬುದನ್ನು ಇವರು ಹೇಳಿಕೊಟ್ಟಿರಲಿಲ್ಲ, ಅದು ನನ್ನದೇ ಕೈಚಳಕ. ಡಾಕ್ಟರು ಟಿಟಿ ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು, ಊತ ಇಳಿಯದಿದ್ದರೆ ಬೆಳಗ್ಗೆಯೇ ತುಮಕೂರಿಗೆ ಹೋಗಿ ಎಂದರು. ತಂತಿ ಚುಚ್ಚಿದವರಿಗೆ ಇನ್ನೇನು ಮಾಡಬೇಕು? ಅವರ ತಪ್ಪೇನೂ ಇಲ್ಲ.

ಬೆಳಗ್ಗೆ ನೋಡುವಾಗ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೊದಲ ಬಸ್ ಹತ್ತಿದೆವು. ಮಧುಗಿರಿಯಲ್ಲಿ ಬಸ್ಸು ಟೀಗೆ ನಿಂತಿತು, ನನ್ನ ತವರು ಮನೆ ಅಲ್ಲಿಂದ ನಡೆದರೆ ಹತ್ತು ನಿಮಿಷ, ಇಳಿಯಲಿಲ್ಲ. ಕೊರಟಗೆರೆ ದಾಟುವಾಗ ಇವರು ಸೀಟಿಗೆ ತಲೆಯೊರಗಿಸಿ, ಜ್ವರದಲ್ಲಿ ಕೆಂಪಾದ ಕಣ್ಣು ಮುಚ್ಚಿಕೊಂಡೇ, “ಈ ಬಸ್ಸಿಂದು ನಾಕನೇ ನಾಜಲ್ ಸರಿಯಿಲ್ಲ” ಎಂದರು. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದೆ.

ತುಮಕೂರಿನ ಆಸ್ಪತ್ರೆಯಲ್ಲಿ ನೋಡಿದ್ದು ಒಬ್ಬ ಹೆಣ್ಣುಮಗಳು, ಸರ್ಜನ್. ಕೈಯನ್ನು ಮುಟ್ಟದೆ ಸುತ್ತಲಿಂದ ನೋಡಿ, ಏನು ಚುಚ್ಚಿದ್ದು ಎಂದು ಕೇಳಿದರು.

“ತಂತಿ ಮೇಡಂ” ಎಂದರು ಇವರು. ಆಗಲೂ.

ನನ್ನ ತಾಳ್ಮೆ ಹರಿಯಿತು. “ತಂತಿ ಅಲ್ಲ ಮೇಡಂ, ಡೀಸೆಲ್. ಟ್ರ್ಯಾಕ್ಟರ್ ಪೈಪಿಂದ ಹೊಡೀತು” ಎಂದು ಕೂಗಿಬಿಟ್ಟೆ. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

“ಎಷ್ಟು ಹೊತ್ತಾಯ್ತು?”

“ನಿನ್ನೆ ಹತ್ತು ಗಂಟೆಗೆ.”

“ಬಿಸಿನೀರಲ್ಲಿ ಇಟ್ಟಿದ್ರಾ? ನೀವಿದ್ರಾ?”

ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಹೇಳಿದರು. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮವನ್ನು ಸೂಜಿಯ ಹಾಗೆ ತೂರಿ ಒಳಗೆ ಹೋಗುತ್ತದೆ. ಮೊದಲು ನೋವೇ ಇರುವುದಿಲ್ಲ. ನರಗಳ ಪಕ್ಕದಲ್ಲಿ ಅಂಗೈಗೆ ಹರಿದು, ಮಾಂಸವನ್ನು ಒಳಗಿಂದಲೇ ಕೊಲ್ಲುತ್ತಾ ಹೋಗುತ್ತದೆ. ನಾನು ನೀವಿದ್ದು ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಐದಾರು ಗಂಟೆಯೊಳಗೆ ಕೈ ಸೀಳಿ ತೊಳೆದರೆ ಉಳಿಸಿಕೊಳ್ಳುವ ದಾರಿ ಇರುತ್ತದೆ. ನಿನ್ನೆ ಯಾವುದಾದರೂ ಡಾಕ್ಟರಿಗೆ ತೋರಿಸಿ ಡೀಸೆಲ್ ಎಂದು ಹೇಳಿದ್ದರೆ ಎಂದು ಕೆಳಗಿಟ್ಟಿದ್ದ ಪೆನ್ನು ಎತ್ತಿಕೊಂಡರು.

ತೋರಿಸಿದ್ದೆವು. ಚುಚ್ಚಿ ಏಳು ತಾಸಾಗಿತ್ತು ಆಗ. ಇನ್ನೂ ಏನಾದರೂ ಆಗಬಹುದಿತ್ತೋ ಏನೋ. ಆ ಒಂದು ಮಾತನ್ನು ಹೇಳುವ ಬದಲು ನಾನು ಬೇಲಿ ಕಟ್ಟಿದೆ.

ಅವತ್ತೇ ಕೈ ಸೀಳಿದರು. ಆಪರೇಷನ್ ಥಿಯೇಟರಿನಿಂದ ಬಂದ ನರ್ಸಮ್ಮನ ಮೈಯಿಂದ ಡೀಸೆಲ್ ವಾಸನೆ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಅದೇ ವಾಸನೆಯ ಪಕ್ಕದಲ್ಲಿ ಮಲಗಿದವಳು ನಾನು, ಅವತ್ತು ಕಾರಿಡಾರಿನಲ್ಲೇ ವಾಂತಿ ಮಾಡಿಕೊಂಡೆ. ಭಾನುವಾರ ಮತ್ತೊಮ್ಮೆ ತೊಳೆದರು. ಸೋಮವಾರ ಬೆಳಗ್ಗೆ ಸರ್ಜನ್ ನನ್ನನ್ನು ಕರೆದು, ಮಣಿಕಟ್ಟಿನ ಮೇಲಿಂದ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಕಷ್ಟ ಎಂದು ಒಂದು ಕಾಗದ ಮುಂದಿಟ್ಟರು. ಇವರ ರುಜು ಬೇಕಿತ್ತು. ರುಜು ಹಾಕುವ ಕೈ ಅದೇ. “ನೀನೇ ಹಾಕು” ಎಂದರು ಇವರು ಗೋಡೆ ಕಡೆ ತಿರುಗಿ. ನಾನು ವನಜಾ ಎಂದು ಬರೆದೆ. ಮಧ್ಯಾಹ್ನದೊಳಗೆ ಕೈ ತೆಗೆದಾಗಿತ್ತು.

ಮಂಗಳವಾರ ಮಧ್ಯಾಹ್ನ ಇವರಿಗೆ ಗಂಜಿ ಕುಡಿಸುತ್ತಿದ್ದೆ. ಫೋನ್ ಬಂತು, ಸುನಿಲ್‌ಕುಮಾರನದು. ಇವರು ಎಡಗೈಯಿಂದ ಸನ್ನೆ ಮಾಡಿ ಸ್ಪೀಕರ್ ಹಾಕಿಸಿದರು.

“ಓಬಳಣ್ಣ ಇಲ್ವಾ ಅಮ್ಮಾ? ಆಫೀಸಿನವರು ಒಪ್ಪಿದ್ರು. ಹದಿನಾಲ್ಕೂ ನಿಮ್ಮದೇ. ನಾಡಿದ್ದಿನಿಂದ ಬರೋಕೆ ಹೇಳಿ.”

ನಾನು ಇವರ ಮುಖ ನೋಡಿದೆ. “ಬತ್ತೀವಿ ಅನ್ನೇ” ಎಂದರು ಪಿಸುದನಿಯಲ್ಲಿ. ಫೋನಿಗೆ ಕೈ ಅಡ್ಡ ಹಿಡಿದು, “ಹೆಂಗ್ರೀ ಹೋಗ್ತೀರಾ?” ಎಂದೆ. “ಅನ್ನೇ ಮೊದ್ಲು. ಇಲ್ಲ ಅಂದ್ರೆ ಬ್ಯಾರೆಯೋರ್ಗೆ ಕೊಟ್ಬುಡ್ತಾರೆ” ಎಂದು ಹಲ್ಲು ಕಚ್ಚಿ ಹೇಳಿದರು. ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಬಲಗೈ ಎತ್ತಲು ಹೋಗಿ ನಿಲ್ಲಿಸಿದರು. ಈ ಮನುಷ್ಯ ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಬರ್ತಾರೆ ಸಾರ್” ಎಂದೆ.

“ಸರಿ ಅಮ್ಮಾ. ಅವತ್ತು ಬೆರಳಿಗೆ ಏನೋ ಚುಚ್ಚಿತ್ತಲ್ಲ, ವಾಸಿಯಾಯ್ತಾ?”

“ಆಯ್ತು ಸಾರ್, ಅವತ್ತೇ ವಾಸಿಯಾಯ್ತು” ಎಂದೆ. ಸರಿಯಾಗಿ ಹೇಳಿದೆ ಎನ್ನುವಂತೆ ಇವರು ತಲೆಯಾಡಿಸಿದರು.